ಅವ್ವನ ಅರ್ಧ ಗುಳಿಗೆ

ನಮ್ಮ ಅವ್ವನಿಗೆ ಏನನ್ನೂ ಒಬ್ಬಳೇ ತಿಂದು ಗೊತ್ತಿಲ್ಲ. ಬೆಳಿಗ್ಗೆ ಸೈಕಲ್ಲಿನ ಪಾವ್‌ವಾಲಾ ಹಾರ್ನ್ ಒತ್ತಿದ ಕೂಡಲೇ ಹೋಗಿ ಪಾವ್ ತರುತ್ತಾಳೆ, ತನ್ನದನ್ನು ಮುರಿದು ದೊಡ್ಡ ಪಾಲನ್ನು ನನ್ನ ಕಡೆ ಚಾಚುತ್ತಾಳೆ. ನನ್ನ ಕೈಯಲ್ಲಿ ಬೇರೆ ಪಾವ್ ಇದ್ದರೂ ಅಷ್ಟೇ. ಮ್ಹಾಪಸಾದ ನಮ್ಮ ಚಾಳಿನಲ್ಲಿ ವಿಜಯಪುರ ಕಡೆಯಿಂದ ದುಡಿಯಲು ಬಂದವರ ಮನೆಗಳೇ ಹೆಚ್ಚು, ಎಲ್ಲರದೂ ಇದೇ ರೂಢಿ. ಗುಳಿಗೆಗೂ ಇದೇ ಕಾನೂನು. ಒಬ್ಬರ ಮೊಣಕಾಲಿಗೆ ಗುಣ ಕೊಟ್ಟದ್ದು ಸಂಜೆಯೊಳಗೆ ಇನ್ನೊಬ್ಬರ ಸೊಂಟಕ್ಕೆ ಹೋಗಿರುತ್ತದೆ. ನಾನು ಬೈಯುತ್ತಲೇ ಬಂದಿದ್ದೇನೆ, ಯಾರೂ ಕೇಳುವುದಿಲ್ಲ.

ಅವ್ವ ಪಾಲು ಮಾಡದೆ ಇಡಿಯಾಗಿ ನನಗೆ ಕೊಟ್ಟದ್ದು ಒಂದೇ, ಅರೆತಲೆನೋವು. ಅಜ್ಜಿಗೆ ಇತ್ತು, ಅವ್ವನಿಗೆ ಬಂತು, ನನಗೂ ಬಂತು. ಬಂಗಾರವಿಲ್ಲದ ಮನೆತನದಲ್ಲಿ ತಾಯಿಯಿಂದ ಮಗಳಿಗೆ ಬರಲು ಇದಾದರೂ ಇದೆಯಲ್ಲ ಎಂದು ನಾನು ಅವಳನ್ನು ಹಂಗಿಸುತ್ತಿದ್ದೆ. ನಾವಿಬ್ಬರೂ ಕಡಲದಂಡೆಯಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುವವರು. ನೀರಿನ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯಿತೆಂದರೆ ನನಗೆ ಎಡಗಣ್ಣಿನ ಹಿಂದೆ ಬಡಿತ ಶುರುವಾಗುತ್ತದೆ, ಆಮೇಲೆ ವಾಂತಿ, ಆ ದಿನದ ವ್ಯಾಪಾರ ಅಲ್ಲಿಗೆ ಸಮುದ್ರಪಾಲು. ಅವ್ವನ ನೋವು ಮಾತ್ರ ಈಚೆಗೆ ನಿಂತುಹೋಗಿತ್ತು. ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅವಳು ಕೊಲೆಸ್ಟ್ರಾಲ್ ಗುಳಿಗೆ ನುಂಗತೊಡಗಿದ್ದಳು. ತಲೆನೋವು ಬಿಟ್ಟುಹೋದದ್ದು ಆ ಗುಳಿಗೆಯಿಂದಲೇ ಎಂದು ಅವಳು ಚಾಳಿಗೆಲ್ಲ ಸಾರಿದ್ದಳು.

ಹಿಂದಿನ ಪ್ರವಾಸಿ ಸೀಸನ್ನಿನ ಕೊನೆಯಲ್ಲಿ ಪುಣೆಯ ಮೇಡಂ ಒಬ್ಬರು ನಮ್ಮ ಹತ್ತಿರ ಮಣಿಸರ ನೋಡುತ್ತ ಕುಳಿತರು. ತಲೆಗೆ ಓಢಣಿ ಬಿಗಿದು ಕಟ್ಟಿಕೊಂಡಿದ್ದ ನನ್ನನ್ನು ನೋಡಿ ಏನಾಯಿತೆಂದು ಹಿಂದಿಯಲ್ಲಿ ಕೇಳಿದರು. ಅವರು ವಂಶವಾಹಿಗಳ ಮೇಲೆ ಸಂಶೋಧನೆ ಮಾಡುವವರಂತೆ. ಅವರೂ ನಗಲಿ ಎಂದು ಅವ್ವನ ಗುಳಿಗೆ ಪುರಾಣ ಹೇಳಿದೆ. ಅವರು ನಗಲಿಲ್ಲ, ನನಗೆ ಸ್ವಲ್ಪ ನಿರಾಸೆಯೇ ಆಯಿತು. ಈ ಗುಳಿಗೆಯಿಂದ ಅರೆತಲೆನೋವು ತಗ್ಗುತ್ತದೆಯೇ ಎಂದು ಸಂಶೋಧಕರೂ ಕೇಳುತ್ತಿದ್ದಾರೆ ಎಂದರು.

ಗುಳಿಗೆ ತಿನ್ನುವವರನ್ನು ಸುಮ್ಮನೆ ಕೇಳಿದರೆ ನಿಜ ತಿಳಿಯುವುದಿಲ್ಲವಂತೆ. ತಿನ್ನುವವರಲ್ಲಿ ವಯಸ್ಸಾದವರೇ ಹೆಚ್ಚು, ಮುಟ್ಟು ನಿಂತ ಮೇಲೆ ಎಷ್ಟೋ ಹೆಂಗಸರಿಗೆ ಈ ನೋವು ತಾನಾಗಿಯೇ ತಗ್ಗುತ್ತದೆ. ಮೇಡಂ ನಮ್ಮ ಎರಡು ಸರಗಳನ್ನು ಎತ್ತಿಕೊಂಡು ಒಂದು ಅವ್ವ, ಒಂದು ಅಪ್ಪ ಎಂದರು. ಕಣ್ಣು ಮುಚ್ಚಿ ಎರಡರಿಂದಲೂ ಒಂದೊಂದು ಮಣಿ ಹಿಡಿದು, ಮಗು ಹುಟ್ಟುವುದು ಹೀಗೆ, ಯಾವ ಮಣಿ ಬರುತ್ತದೆಂದು ಯಾರೂ ಆರಿಸುವುದಿಲ್ಲ ಎಂದರು. ಕೆಲವರಿಗೆ ಬಂದ ಮಣಿ ಎಂಥದ್ದೆಂದರೆ, ಕೊಲೆಸ್ಟ್ರಾಲ್ ಇಳಿಸುವ ಗುಳಿಗೆಯ ಕೆಲಸವನ್ನು ಅದು ಹುಟ್ಟಿನಿಂದಲೇ ತುಸು ಮಾಡುತ್ತಿರುತ್ತದೆ. ಅಂಥವರಿಗೆ ಅರೆತಲೆನೋವು ಕಡಿಮೆ ಇದೆಯೇ ಎಂದು ನೋಡಿದರೆ, ಯಾರಿಗೂ ಗುಳಿಗೆ ನುಂಗಿಸದೆ ಒಂದು ಸುಳಿವು ಸಿಗುತ್ತದೆ. ಸುಳಿವಷ್ಟೇ, ಡಾಕ್ಟರು ಹೇಳದೆ ನೀನು ನುಂಗಬೇಡ ಎಂದು ಎಚ್ಚರಿಸಿದರು.

ಎಲ್ಲವನ್ನೂ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ನನ್ನ ನೋವು ತನ್ನ ಸರದ ಮಣಿ ಎಂಬುದನ್ನೂ, ಗುಳಿಗೆಯ ವಿಚಾರ ದೊಡ್ಡವರೂ ಮಾಡುತ್ತಿದ್ದಾರೆ ಎಂಬುದನ್ನೂ ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಉಳಿದದ್ದು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಿಂದ ಹೊರಟುಹೋಯಿತು.

ಮಳೆಗಾಲ ಬಂತು, ದಂಡೆ ಖಾಲಿಯಾಯಿತು. ನನಗೆ ತಲೆನೋವು ಅಪರೂಪವಾಯಿತು. ಮೋಡವಿದ್ದರೆ ಹಾಗೆಯೇ ಎಂದುಕೊಂಡೆ. ಅವ್ವ ಮಾತ್ರ ನನ್ನ ಮುಖ ನೋಡಿ ನೋಡಿ ಒಳಗೊಳಗೇ ನಗುತ್ತಿದ್ದಳು.

ಅವಳ ತಪಾಸಣೆಗೆ ಹೋದಾಗ ಡಾಕ್ಟರು ರಿಪೋರ್ಟ್ ನೋಡಿ ಮುಖ ಗಂಟಿಕ್ಕಿದರು. ಕೊಲೆಸ್ಟ್ರಾಲ್ ಮತ್ತೆ ಏರಿದೆ, ಹೀಗಾದರೆ ಸ್ಟೆಂಟ್ ಹಾಕಿದ ಹೃದಯಕ್ಕೆ ಅಪಾಯ, ಗುಳಿಗೆ ತಪ್ಪಿಸುತ್ತಿದ್ದೀರಾ ಎಂದರು. ಅವ್ವ ದಿನಾ ತಗೊಳ್ಳುತ್ತೇನೆ ಎಂದು ಆಣೆ ಮಾಡಿದಳು. ನಾನಂತೂ ರಿಪೋರ್ಟೇ ತಪ್ಪಿರಬೇಕೆಂದು ಡಾಕ್ಟರ ಜೊತೆ ಜಗಳಕ್ಕೆ ನಿಂತೆ. ಅವರು ಹೆಚ್ಚಿನ ಶಕ್ತಿಯ ಗುಳಿಗೆ ಬರೆದುಕೊಟ್ಟರು.

ಹೊರಗೆ ಬರುತ್ತಿದ್ದಂತೆ ಅವ್ವನ ಮುಖ ಅರಳಿತು. "ದೊಡ್ಡ ಗುಳಿಗಿ ಆದದ್ದು ಚಲೋ ಆತು ನೋಡು. ಇನ್ನ ಇಬ್ಬರಿಗೂ ಸಾಕಾಗತೈತಿ."

ನಾನು ನಿಂತಲ್ಲೇ ನಿಂತೆ. ಬಿಡಿಸಿ ಕೇಳಿದರೆ, ಮೇಡಂ ಹೋದಾಗಿನಿಂದಲೂ ಅರ್ಧ ಗುಳಿಗೆ ಪುಡಿಯಾಗಿ ನನ್ನ ಶೇಂಗಾ ಚಟ್ನಿಗೆ ಸೇರುತ್ತಿತ್ತು. ಅರ್ಧ ತಲೆಯ ನೋವಿಗೆ ಅರ್ಧ ಗುಳಿಗೆ ಸಾಕು ಎಂಬುದು ಅವಳ ವೈದ್ಯಶಾಸ್ತ್ರ. ಅವಳ ಎದೆಗೆ ಏನಾದರೂ ಆಗಿದ್ದರೆ ಎಂಬ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಂತು. ರಸ್ತೆಯ ಜನ ತಿರುಗಿ ನೋಡುವಷ್ಟು ಬೈದೆ. ಅವಳು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು.

"ತಲಿನೋವು ನಾನ ಕೊಟ್ಟಿದ್ದು. ಗುಳಿಗಿ ಅಷ್ಟ ನಾ ಒಬ್ಬಾಕಿನ ಹ್ಯಾಂಗ ತಿನ್ನಲಿ?"

ಕೈ ಹಿಡಿದು ಅವಳನ್ನು ಮತ್ತೆ ಒಳಗೆ ಎಳೆದುಕೊಂಡು ಹೋದೆ. ಡಾಕ್ಟರು ತಲೆ ಚಚ್ಚಿಕೊಂಡು, ಚೀಟಿಯಲ್ಲಿ ದೊಡ್ಡ ಗುಳಿಗೆಯ ಹೆಸರು ಹೊಡೆದುಹಾಕಿ, ಹಳೆಯದನ್ನೇ ಇಡಿಯಾಗಿ ನುಂಗಲು ಹೇಳಿದರು. ನನಗೆ ತಲೆನೋವಿನ ಬೇರೆ ಔಷಧಿ ಬರೆದರು. ಈಗ ಅವ್ವ ಊಟವಾದ ಮೇಲೆ ನನ್ನೆದುರೇ ಗುಳಿಗೆ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕು. ತೋರಿಸುತ್ತಾಳೆ, ಗೊಣಗುತ್ತ.

ಈ ಸೀಸನ್ನಿಗೆ ಪುಣೆಯ ಮೇಡಂ ಮತ್ತೆ ಬಂದರು. ನಾವು ಪಾವ್ ತಿನ್ನಲು ಕುಳಿತಿದ್ದೆವು. ಉತ್ತರ ಸಿಕ್ಕಿತೇ ಎಂದು ಕೇಳಿದೆ, ಇನ್ನೂ ಹುಡುಕುತ್ತಿದ್ದಾರೆ ಎಂದರು. ಅವ್ವ ನನ್ನ ಮೊಣಕೈ ತಿವಿದಳು.

"ನೋವು ಬಿಟ್ಟು ಚಲೋದು ಏನರೆ ನನ್ನಿಂದ ನಿನಗ ಬಂದೈತೇನು, ಅದನ್ನೂ ನೋಡ್ರಿ ಅಂತ ಹೇಳು."

ಅವಳು ತಮಾಷೆ ಮಾಡುತ್ತಿರಲಿಲ್ಲ. ಹಿಂದಿಯಲ್ಲಿ ಹೇಳಲೆಂದು ಮೇಡಂ ಕಡೆ ತಿರುಗಿದೆ. ಕನ್ನಡ ತಿಳಿಯದ ಮೇಡಂ ನನ್ನ ಕೈಯನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಮಾತಿನ ನಡುವೆ ಯಾವಾಗಲೋ ನನ್ನ ಪಾವ್ ಮುರಿದಿದ್ದೆ, ದೊಡ್ಡ ಪಾಲು ಅವ್ವನ ಕಡೆ ಚಾಚಿಕೊಂಡಿತ್ತು. ಅವ್ವ ಅದನ್ನು ತೆಗೆದುಕೊಂಡು, ಮತ್ತೆ ಮುರಿದು, ಅರ್ಧವನ್ನು ಮೇಡಂ ಕೈಗೆ ಕೊಟ್ಟಳು.