ದೊಡ್ಡಮ್ಮನ ಹರಳೆಣ್ಣೆ, ನನ್ನ ಪಂಪು

ಈ ಸಲ ದೀಪಾವಳಿಯ ಹಿಂದಿನ ದಿನ ಪಂಪಿಗೆ ಇನ್ಸುಲಿನ್ ತುಂಬುವಾಗ ಒಂದು ಹನಿ ಬೆರಳ ಮೇಲೆ ಬಿತ್ತು. ಆಸ್ಪತ್ರೆಯ ನೆಲ ಒರೆಸಿದ ಮೇಲೆ ಉಳಿಯುತ್ತದಲ್ಲ, ಅಂಥ ವಾಸನೆ. ದಿನವೂ ಮೂಗಿಗೆ ಬೀಳುವುದರಿಂದ ನನಗದು ಗೊತ್ತೇ ಆಗುವುದಿಲ್ಲ. ಅಂದು ಯಾಕೋ ಗೊತ್ತಾಯಿತು. ನಂದಿದುರ್ಗದ ದೊಡ್ಡಮ್ಮ ನೆನಪಾದರು.

ನೆಂಟಸ್ತನದ ದೊಡ್ಡಮ್ಮ ಅಲ್ಲ. ನಾನು ಆ ಚಿನ್ನದ ಗಣಿಯ ಊರಿನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತ, ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಯೊಂದರಲ್ಲಿ ಬಾಡಿಗೆಗಿದ್ದೆ. ಅವರದು ಪಕ್ಕದ ಮನೆ, ನಡುವೆ ಒಂದೇ ಗೋಡೆ. ಗಣಿ ನಡೆಯುತ್ತಿದ್ದ ಕಾಲಕ್ಕೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ನನ್ನ ಸೊಂಟದಲ್ಲಿದ್ದ ಯಂತ್ರವನ್ನು ಮೊದಲ ಸಲ ಕಂಡಾಗ ಮೊಬೈಲ್ ಅಂದುಕೊಂಡರು. ನನಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ಇದರಿಂದ ಸಣ್ಣ ಕೊಳವೆಯೊಂದು ಚರ್ಮದೊಳಕ್ಕೆ ಹೋಗಿದೆ, ಇಡೀ ದಿನ ಔಷಧಿ ಹನಿಸುತ್ತಿರುತ್ತದೆ ಅಂದೆ. “ಬಾವಿಗೆ ಮೋಟ್ರು ಇಟ್ಟಂಗೈತಲ್ಲೇ” ಎಂದು ನಕ್ಕರು.

ಒಂದು ದೀಪಾವಳಿಯ ಬೆಳಿಗ್ಗೆ ಹರಳೆಣ್ಣೆಯ ಬಟ್ಟಲು ಹಿಡಿದು ಬಂದರು. ಒಬ್ಬಂಟಿ ಹೆಂಗಸು ಎಣ್ಣೆನೀರು ಹಾಕಿಕೊಳ್ಳದೆ ಹಬ್ಬ ಕಳೆಯುವುದು ಅವರಿಂದ ಸಹಿಸಲಾಗದ ವಿಷಯ. ಯಂತ್ರ ಕಳಚಿಟ್ಟು ಕೂತೆ. ಸೊಂಟಕ್ಕೆ ಅಂಟಿಸಿದ್ದ ಪಟ್ಟಿ, ಅದರಡಿಯ ಕೊಳವೆ ಹಾಗೇ ಇದ್ದವು. ನೆತ್ತಿಗೆ ತಟ್ಟಿ, ಬೆನ್ನು, ಸೊಂಟ ಎಲ್ಲ ತೀಡಿದರು. ಕಣ್ಣು ತಾನಾಗಿ ಮುಚ್ಚಿಹೋಯಿತು... ಅಂಥ ಸುಖ ಆಮೇಲೆ ನನಗೆ ಸಿಕ್ಕಿಲ್ಲ, ಹೇಳಿಬಿಡುತ್ತೇನೆ.

ಸ್ನಾನ ಮುಗಿಸಿ ಯಂತ್ರ ಸಿಕ್ಕಿಸಿಕೊಂಡೆ. ಎಣ್ಣೆಗೆ ಪಟ್ಟಿ ಸಡಿಲವಾಗಿ ಕೊಳವೆ ಆಚೆಗೆ ಜಾರಿದ್ದನ್ನು ನೋಡಲಿಲ್ಲ. ಎರಡು ಕಜ್ಜಾಯ ತಿಂದೆ. ಮಧ್ಯಾಹ್ನದ ಹೊತ್ತಿಗೆ ಬಾಯಾರಿಕೆ, ವಾಂತಿ. ಸಕ್ಕರೆ ಏರುತ್ತಲೇ ಇತ್ತು. ಇದೆಲ್ಲ ಕಜ್ಜಾಯದ ಆಟ ಅಂದುಕೊಂಡು ಮತ್ತೆ ಮತ್ತೆ ಗುಂಡಿ ಒತ್ತಿದೆ. ಔಷಧಿ ಹೋಗಿದೆ ಎಂದು ಯಂತ್ರವೂ ತೋರಿಸುತ್ತಲೇ ಇತ್ತು. ಹೋಗಿತ್ತು, ನನ್ನ ಸೀರೆಗೆ.

ಊಟಕ್ಕೆ ಕರೆಯಲು ಬಂದ ದೊಡ್ಡಮ್ಮ ಹೊಸ್ತಿಲಲ್ಲೇ ನಿಂತರು. “ಏನೇ, ಸೂಜಿ ಔಸ್ದಿ ವಾಸ್ನೆ ಬತ್ತೈತೆ? ಒಳಗಿರ್ಬೇಕಾದ್ದು ಆಚೆ ಯಾಕೈತೆ?” ಎಂದು ಸೀರೆ ಮುಟ್ಟಿ ನೋಡಿದರು. ಎಷ್ಟೋ ವರ್ಷ ಆಸ್ಪತ್ರೆಯಲ್ಲಿ ಕಳೆದ ಮೂಗು ಅದು. ನಾನು ಹೇಳಿದ ಅಳತೆಗೆ ನನ್ನ ಫ್ರಿಡ್ಜಿನ ಬಾಟಲಿಯಿಂದ ಸಿರಿಂಜಿಗೆ ಎಳೆದು ಅವರೇ ಚುಚ್ಚಿದರು, ಆಟೋ ಹತ್ತಿಸಿ ಆಸ್ಪತ್ರೆಗೆ ಸೇರಿಸಿದರು. ತಡವಾಗಿದ್ದರೆ ನಾನು ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರು.

ಉಳಿಸಿದವರು ತಾವೇ ಅನ್ನುವುದು ದೊಡ್ಡಮ್ಮನ ತಲೆಗೆ ಹೋಗಲಿಲ್ಲ. “ನನ್ ಕೈಯಾರೆ ಕೊಂದಾಕ್ತಿದ್ನಲ್ಲೇ ನಿನ್ನ” ಎಂದು ಮಂಚದ ಪಕ್ಕ ಕೂತೇ ಇದ್ದರು. ನಾನು ಹೌದೆನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಮರುವರ್ಷ ಮತ್ತೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ.

“ಎಣ್ಣೆ ಅಚ್ಚಿದ್ರೆ ನಿನ್ ಮೆಸೀನು ಒಪ್ತದಾ?”

“ಒಪ್ಪಲ್ಲ ದೊಡ್ಡಮ್ಮ” ಅಂದೆ.

ಅದು ಸುಳ್ಳು. ಪಟ್ಟಿ ಕಿತ್ತು ಎಣ್ಣೆನೀರು ಹಾಕಿಕೊಂಡು, ಮೈ ಚೆನ್ನಾಗಿ ತೊಳೆದು ಒರೆಸಿ ಹೊಸದನ್ನು ಅಂಟಿಸಿದರೆ ಆಯಿತು. ಹಿಂದಿನ ವರ್ಷವೂ ಹಾಗೇ ಮಾಡಬೇಕಿತ್ತು. ತಪ್ಪು ಅವರ ಕೈಯದಲ್ಲ, ನನ್ನದು. ಅದನ್ನು ಹೇಳಲು ನಾಚಿಕೆಯಾಗಿ ಯಂತ್ರದ ಮೇಲೆ ಹಾಕಿದೆ. ಗಣಿತದ ಮೇಡಮ್ಮಾದ ನನಗೆ ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಇರಲಿಲ್ಲ ಅಂತಿಟ್ಟುಕೊಳ್ಳಿ. ಅವರು ತಲೆಯಾಡಿಸಿ, ಬೆರಳ ತುದಿಯಿಂದ ನನ್ನ ನೆತ್ತಿಗೆ ಒಂದು ಬೊಟ್ಟು ಎಣ್ಣೆ ಇಟ್ಟು ಹೋದರು. ಆಮೇಲಿನ ಹಬ್ಬಗಳಿಗೂ ಅಷ್ಟೇ, ಒಂದು ಬೊಟ್ಟು.

ನನಗೆ ಬಂಗಾರಪೇಟೆಗೆ ವರ್ಗವಾಯಿತು. ದೂರವೇನಲ್ಲ, ಬಸ್ಸು ಬೇಕಾದಷ್ಟಿವೆ. ಒಂದು ಭಾನುವಾರ ಹೋಗಿ ನಿಜ ಹೇಳಿಬರಬೇಕು ಅಂದುಕೊಳ್ಳುತ್ತಿದ್ದೆ... ಹೋಗಲಿಲ್ಲ. ಹೋದ ವರ್ಷ ಅವರು ತೀರಿಕೊಂಡರಂತೆ. ತಿಥಿಯೂ ಮುಗಿದ ಮೇಲೆ ನನಗೆ ಸುದ್ದಿ ಮುಟ್ಟಿತು. ತಮ್ಮ ಕೈಯಿಂದಲೇ ನಾನು ಸಾಯುತ್ತಿದ್ದೆ ಅಂತಲೇ ತಿಳಿದುಕೊಂಡು ಹೋದರು.

ಈ ಹಬ್ಬಕ್ಕೆ ಪಟ್ಟಿ ಕಿತ್ತಿಟ್ಟು ನಾನೇ ಹರಳೆಣ್ಣೆ ಹಚ್ಚಿಕೊಂಡೆ. ಸ್ನಾನ ಮಾಡಿ ಹೊಸದು ಅಂಟಿಸಿದೆ. ಯಂತ್ರ ಏನೂ ತಕರಾರು ಮಾಡಲಿಲ್ಲ. ಬೆನ್ನಿಗೆ ಮಾತ್ರ ಕೈ ಎಟುಕಲಿಲ್ಲ.