ಬೀಗರ ಎದುರಿಗೆ ಬಿಟ್ಟ ಕಾಟ್ಲಾ

ನಮ್ಮ ಚಿಕ್ಕಪ್ಪ ಹಿಡಿದ ದೊಡ್ಡ ಮೀನುಗಳೆಲ್ಲ ತಪ್ಪಿಸಿಕೊಂಡು ಹೋದವೇ. ಇದು ನನ್ನ ಆರೋಪವಲ್ಲ, ಅವರದೇ ಹೇಳಿಕೆ. ಒಂದು ಸಲ ದಾರ ಕಿತ್ತುಹೋಯಿತು. ಇನ್ನೊಂದು ಸಲ ಗಾಳದ ಕೊಕ್ಕೆ ನೆಟ್ಟಗಾಯಿತು. ಮತ್ತೊಂದು ಸಲ ಮೀನು ತೆಪ್ಪದ ಪಕ್ಕಕ್ಕೇ ಬಂದು, ಇವರ ಮುಖ ನೋಡಿ, ವಾಪಸ್ ಹೋಯಿತು. ಓದಿದಷ್ಟು ವರ್ಷವೂ ಚರ್ಚಾಸ್ಪರ್ಧೆಗಳಿಗೆಂದು ಊರೂರು ಸುತ್ತಿದವಳು ನಾನು. ಇಂಥ ಸಾಕ್ಷ್ಯ ಕಿವಿಗೆ ಬಿದ್ದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಆದರೂ ಬೇಸಿಗೆಯ ಭಾನುವಾರಗಳಲ್ಲಿ ಅವರ ಬೈಕಿನ ಹಿಂದೆ ಕೂತು ತುಮಕೂರಿನಿಂದ ಕುಣಿಗಲ್ ಕೆರೆಗೆ ಹೋಗುವುದನ್ನು ಬಿಟ್ಟಿಲ್ಲ. ಮೀನಿನ ಆಸೆಗಲ್ಲ. ನೀರಿನ ಮಧ್ಯೆ ಕೂತಾಗ ಎದುರಾಳಿ ಎದ್ದು ಹೋಗುವ ಹಾಗಿಲ್ಲ, ಅದಕ್ಕೆ.

ಚಿಕ್ಕಪ್ಪ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್. ಊಟದ ಹೊತ್ತಿನಲ್ಲಿ ಮೊಬೈಲ್ ಹಿಡಿದರೆ ಅವರಿಗೆ ಒಂದೇ ವಿಡಿಯೋ: ಯಾವುದೋ ದೇಶದವರು ದಿನದ ಬಾಡಿಗೆಗೆ ಬೋಟ್ ಹಿಡಿದು, ಸಮುದ್ರದ ಮಧ್ಯೆ ಹೋಗಿ, ಆಳುದ್ದದ ಟ್ಯೂನಾ ಎಳೆಯುವುದು. ‘ನಾವ್ ಮಾಡೋದೂ ಇದೇ ಕಣೇ, ಸಮುದ್ರ ಒಂದಿಲ್ಲ ಅಷ್ಟೆ’ ಅನ್ನುತ್ತಾರೆ. ಅವರ ಬೋಟ್ ಎಂದರೆ ಫೈಬರಿನ ದುಂಡನೆಯ ತೆಪ್ಪ. ಅದನ್ನು ಹುಟ್ಟು ಹಾಕುವವನ ಸಮೇತ ಮಧ್ಯಾಹ್ನದವರೆಗೆ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಕಡಲೆಕಾಯಿ ಹಿಂಡಿ, ಬೆಲ್ಲ, ಸೋಂಪು ಕಲಸಿದ ಗಾಳದ ಉಂಡೆ ಚಿಕ್ಕಮ್ಮನ ಅಡಿಗೆಮನೆಯಲ್ಲಿ ತಯಾರಾಗುತ್ತದೆ. ಅದರ ಘಮಕ್ಕೆ ಮನೆಗೆ ಬಂದ ನೆಂಟರು ಏನೋ ಸಿಹಿ ಇದೆ ಎಂದು ಕಾಯುತ್ತಾರೆ.

ತೆಪ್ಪದವನ ಹತ್ತಿರ ಒಂದು ಕಾನೂನಿತ್ತು. ದಿನದ ಮೊದಲ ಮೀನು ಗಂಗಮ್ಮಂದು. ಯಾರು ಹಿಡಿದರೋ ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕು. ಇವನು ಹಳೇ ಮುಲಾಮಿನ ಡಬ್ಬಿಯಿಂದ ಚಿಟಿಕೆ ಅರಿಶಿಣ ತೆಗೆದು ಅದರ ನೆತ್ತಿಗೆ ಹಚ್ಚುತ್ತಾನೆ. ಆಮೇಲೆ ನೀರಿಗೆ ಬಿಡಬೇಕು. ಅಲ್ಲಿಂದ ಮುಂದೆ ಸಿಕ್ಕಿದ್ದೆಲ್ಲ ನಿಮ್ಮದು.

ಗಂಗಮ್ಮ ಇದ್ದಾಳೋ ಇಲ್ಲವೋ ಎಂಬ ಚರ್ಚೆಗೆ ನಾನು ಇಳಿಯಲೇ ಇಲ್ಲ, ಅದು ಸುಲಭದ ವಿಷಯ. ನನ್ನ ತಕರಾರು ಬೇರೆ. ಗಾಳ ಹಾಕಿದ ಕೂಡಲೇ ಬಾಯಿ ಹಾಕುವುದು ಬೆರಳುದ್ದದ ಜಿಲೇಬಿ ಮೀನು, ಯಾವಾಗಲೂ. ದೊಡ್ಡದು ಬರುವುದಾದರೆ ಬಿಸಿಲೇರಿದ ಮೇಲೆ. ಹಾಗಾದರೆ ಈ ಹರಕೆಯಲ್ಲಿ ಕೊಡುವವರು ಕಳೆದುಕೊಳ್ಳುವುದೇನು? ಯಾರಿಗೂ ಬೇಡದ್ದನ್ನು ದೇವರಿಗೆ ಕೊಟ್ಟು ಭಕ್ತಿ ಎಂದು ಕರೆಯುವುದು ನನ್ನ ಪ್ರಕಾರ ಒಳ್ಳೇ ವ್ಯವಹಾರ, ಅಷ್ಟೆ. ಇದನ್ನು ಪ್ರತಿ ಬೇಸಿಗೆಯೂ ಹೇಳುತ್ತಿದ್ದೆ. ತೆಪ್ಪದವನು ನಗುತ್ತಿದ್ದ. ಚಿಕ್ಕಪ್ಪ ಕೇಳಿಸದವರಂತೆ ಉಂಡೆ ಕಟ್ಟುತ್ತಿದ್ದರು.

ಈ ವರ್ಷ ತೆಪ್ಪಕ್ಕೆ ನಾಲ್ಕನೆಯವರೊಬ್ಬರು ಹತ್ತಿದರು. ನಮ್ಮ ಬೀಗರು.

ಚಿಕ್ಕಪ್ಪನ ಮಗಳನ್ನು, ಅಂದರೆ ನನ್ನ ತಂಗಿಯನ್ನು, ಗುಬ್ಬಿಗೆ ಕೊಟ್ಟಿದ್ದೇವೆ. ಅವಳ ಮಾವ ಕೊಬ್ಬರಿ ವ್ಯಾಪಾರಿ. ಬೀಗರ ಊಟದ ದಿನ ಮುದ್ದೆ, ಬೋಟಿ ಸಾರು, ನಾಟಿಕೋಳಿಯ ಮಧ್ಯೆ ಚಿಕ್ಕಪ್ಪ ತಮ್ಮ ತಪ್ಪಿಸಿಕೊಂಡ ಮೀನುಗಳ ಕತೆಯನ್ನು ಒಂದೊಂದಾಗಿ ಬಿಚ್ಚಿದರು. ಬೀಗರು ಮೂಳೆ ಚೀಪುತ್ತಾ ಎಲ್ಲ ಕೇಳಿಸಿಕೊಂಡು, ಒಂದಾದರೂ ಮನೆಗೆ ಬಂದಿದೆಯಾ ಎಂದು ಕೇಳಿದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆವತ್ತಿನಿಂದ ಗುಬ್ಬಿಯ ಮನೆಯಲ್ಲಿ ಮೀನು ಸಾರಾದಾಗಲೆಲ್ಲ ಅವರು ಸೊಸೆಯನ್ನು ಕೇಳುತ್ತಿದ್ದರಂತೆ, ‘ಇದು ನಿಮ್ಮಪ್ಪ ಬಿಟ್ಟು ಬಂದ ಸೈಜೇನಮ್ಮ?’ ತಂಗಿ ಮೊದಮೊದಲು ನಕ್ಕಳು. ಆಮೇಲೆ ನನಗೆ ಫೋನ್ ಮಾಡಿದಳು. ‘ಅಕ್ಕ, ಒಂದೋ ಅಪ್ಪನ ಕೈಲಿ ಒಂದು ಮೀನು ಹಿಡಿಸು, ಇಲ್ಲಾ ಬಾಯಿ ಮುಚ್ಚಿಸು. ನಂಗಿಲ್ಲಿ ತಟ್ಟೆ ಮುಂದೆ ಕೂರಕ್ಕಾಗ್ತಿಲ್ಲ.’ ಅದನ್ನು ಚಿಕ್ಕಪ್ಪನಿಗೆ ಹಾಗೇ ಮುಟ್ಟಿಸಿದೆ. ಅವರು ಬೀಗರಿಗೆ ಫೋನ್ ಹಚ್ಚಿ, ಭಾನುವಾರ ಬನ್ನಿ, ಕಣ್ಣಾರೆ ನೋಡಿ ಎಂದು ಕರೆದೇಬಿಟ್ಟರು.

ಬಿಳಿ ಪಂಚೆ, ಇಸ್ತ್ರಿ ಶರಟು ತೊಟ್ಟು ಬೀಗರು ಬೆಳಗ್ಗೆಯೇ ಕೆರೆ ಏರಿಯ ಮೇಲೆ ನಿಂತಿದ್ದರು. ಕಂಕುಳಲ್ಲಿ ಮಡಿಸಿದ ಗೋಣಿಚೀಲ. ‘ಕೊಬ್ಬರಿ ಚೀಲ ತಂದಿದೀನಿ ಬೀಗ್ರೆ. ಒಂದು ಸಾಕಾಗುತ್ತೋ, ಇನ್ನೊಂದು ತರಿಸ್ಲೋ?’ ಚಿಕ್ಕಪ್ಪ ಲೈಫ್ ಜಾಕೆಟ್ ಕೊಟ್ಟು, ಮೊದಲು ಇದನ್ನು ಹಾಕಿಕೊಳ್ಳಿ, ನಿಮ್ಮನ್ನು ಚೀಲದಲ್ಲಿ ತುಂಬಿಸಿ ಕಳಿಸಿದರೆ ನಮ್ಮ ಹುಡುಗಿ ನಮ್ಮ ಮೇಲೇ ಬರುತ್ತಾಳೆ ಎಂದರು.

ಬೇಸಿಗೆಯಲ್ಲಿ ಕೆರೆ ಹಿಂದಕ್ಕೆ ಸರಿದಿರುತ್ತದೆ. ಆಳ ಉಳಿದ ಕಡೆಗೆ ಮೀನೆಲ್ಲ ಸೇರುತ್ತದೆ. ಅಲ್ಲಿಗೆ ತೆಪ್ಪ ತಿರುಗಿಸುತ್ತಾ ತೆಪ್ಪದವನು ಬೀಗರಿಗೆ ತನ್ನ ಕಾನೂನು ಹೇಳಿದ. ಹೊಸ ಶ್ರೋತೃ ಸಿಕ್ಕರೆ ನಾನು ಬಿಡುತ್ತೇನೆಯೇ? ನನ್ನ ವಾದವನ್ನು ಮೊದಲಿಂದ ಕೊನೆಯವರೆಗೆ ಮಂಡಿಸಿದೆ, ಒಂದು ಹೊಸ ಮುಕ್ತಾಯ ಸೇರಿಸಿ. ‘ದೊಡ್ಡ ಮೀನೇ ಮೊದಲು ಬಿದ್ದ ದಿನ ಇವರು ಏನು ಮಾಡ್ತಾರೆ ನೋಡ್ಬೇಕು. ಆವತ್ತು ಗಂಗಮ್ಮಂಗೆ ಎರಡನೇ ಮೀನು.’ ಬೀಗರು ತೊಡೆ ತಟ್ಟಿಕೊಂಡು ನಕ್ಕರು, ತೆಪ್ಪ ಅಲ್ಲಾಡಿತು, ತಕ್ಷಣ ನಗು ನಿಲ್ಲಿಸಿ ಅಂಚು ಹಿಡಿದುಕೊಂಡರು. ‘ಹುಡುಗಿ ಹೇಳೋದ್ರಲ್ಲಿ ನ್ಯಾಯ ಇದೆ ಬೀಗ್ರೆ’ ಎಂದರು. ಚಿಕ್ಕಪ್ಪ ಕೊಕ್ಕೆಗೆ ಉಂಡೆ ಸಿಕ್ಕಿಸಿ ಗಾಳ ಎಸೆದರು.

ಬಹಳ ಹೊತ್ತು ಏನೂ ಇಲ್ಲ. ಜಿಲೇಬಿ ಮೀನೂ ಇಲ್ಲ. ಬೀಗರು ಚೀಲವನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿಕೊಂಡು ಕೂತರು. ಹೋಗಲಿ, ಕೂರಲಿಕ್ಕಾದರೂ ಉಪಯೋಗವಾಯಿತು ಎಂದು ಅವರು ಹೇಳುತ್ತಿರುವಾಗಲೇ ರೀಲು ಕಿರ್ರೆಂದಿತು.

ಮೀನು ಎಳೆಯುವುದನ್ನು ವೀರಗಾಥೆ ಮಾಡಿ ಬರೆಯುವವರಿದ್ದಾರೆ. ನಾನು ಕಂಡದ್ದು ಇಷ್ಟು: ತೆಪ್ಪ ಬುಗುರಿಯ ಹಾಗೆ ತಿರುಗಿತು, ಚಿಕ್ಕಪ್ಪನ ಕನ್ನಡಕ ಮೂಗಿನ ತುದಿಗೆ ಬಂತು, ತೆಪ್ಪದವನು ‘ದಾರ ಬುಡಿ ಸಾರ್, ಬುಡಿ, ಈಗ ಸುತ್ತಿ’ ಎನ್ನುತ್ತಿದ್ದ, ಬೀಗರು ಕಣ್ಣು ಮುಚ್ಚಿ ಇಷ್ಟದೇವರನ್ನು ನೆನೆಯುತ್ತಿದ್ದರು. ಕೊನೆಗೆ ಕೈಬಲೆಯಲ್ಲಿ ಮೇಲೆ ಬಂದದ್ದು ಒಂದು ಕಾಟ್ಲಾ. ಅಗಲವಾದ ತಲೆ, ಹಿತ್ತಾಳೆ ತಟ್ಟೆಯಂಥ ಹುರುಪೆ. ಚಿಕ್ಕಪ್ಪ ಹೇಳಿದ ಅಷ್ಟೂ ಕತೆಗಳ ಮೀನು ಒಂದೇ ಮೈಯಲ್ಲಿ ಬಂದ ಹಾಗಿತ್ತು.

ನಾನು ಫೋಟೋ ತೆಗೆದೆ. ಅದು ಸಾಕ್ಷಿಗೆ ಬರುವಂಥದ್ದಲ್ಲ. ನಮ್ಮ ಚಿಕ್ಕಪ್ಪನ ಹೊಟ್ಟೆಯ ಮುಂದೆ ಹಿಡಿದರೆ ತಿಮಿಂಗಿಲವೂ ಮರಿಯೇ.

ಬೀಗರು ಎರಡು ಕೈ ಚಾಚಿ ಮೀನನ್ನು ಎತ್ತಿ ನೋಡಿದರು. ಗುಬ್ಬಿಯಲ್ಲಿ ಅವರು ಚೀಲ ಎತ್ತಿ ತೂಕ ಹೇಳಿದರೆ ತಕ್ಕಡಿ ಬೇಡ ಎನ್ನುತ್ತಾರೆ. ‘ಹತ್ತು ಕೆಜಿಗೆ ಮೋಸ ಇಲ್ಲ’ ಎಂದರು. ಆಮೇಲೆ, ಯಾರೂ ಹೇಳದೆಯೇ, ಅಡಿಯಿಂದ ಚೀಲ ಎಳೆದು ಅದರ ಬಾಯಿ ಅಗಲಿಸಿ ಹಿಡಿದರು. ‘ಹಾಕಿ ಬೀಗ್ರೆ. ನಾನ್ ಸೋತೆ.’

ಆಗ ನೆನಪಾಯಿತು. ಅದು ದಿನದ ಮೊದಲ ಮೀನು.

ತೆಪ್ಪದವನ ಕಡೆ ನೋಡಿದೆ. ಅವನು ಅರಿಶಿಣದ ಡಬ್ಬಿ ಮುಟ್ಟಿರಲಿಲ್ಲ. ‘ಇಟ್ಕಳಿ ಸಾರ್’ ಎಂದ, ‘ಮುಂದಿಂದು ಬುಟ್ರಾಯ್ತು. ಅವ್ಳೇನ್ ತೂಕ ಹಾಕ್ತಾಳಾ?’ ಅಂದರೆ ನನ್ನ ವಾದ ಅಕ್ಷರ ಅಕ್ಷರವೂ ಗೆದ್ದಿತ್ತು. ಎದುರು ಪಕ್ಷವೇ ಒಪ್ಪಿಕೊಂಡಿತ್ತು. ಆದರೆ ನನ್ನ ತಂಗಿಯ ತಟ್ಟೆ ಕಣ್ಣೆದುರಿಗಿತ್ತು. ಚರ್ಚೆಯಲ್ಲಿ ಚೀಟಿ ಎತ್ತಿದಾಗ ಯಾವ ಪಕ್ಷ ಬಂದರೂ ಮಾತಾಡುವುದು ನಮ್ಮ ಕಸುಬು, ಹಾಗಾಗಿ ಲೀಲಾಜಾಲವಾಗಿ ಆಚೆ ಬದಿಗೆ ಹೋದೆ. ಬೆಳಗ್ಗೆ ಹೇಳಿದ್ದು ಬರೀ ವಾದಕ್ಕೆ, ಇದು ಬರೀ ರೂಢಿ, ಚೀಲಕ್ಕೆ ಹಾಕಿ ಎಂದೆ.

ಚಿಕ್ಕಪ್ಪ ಮೀನನ್ನು ಬೀಗರ ಕೈಯಿಂದ ತೆಗೆದುಕೊಂಡರು. ಅದರ ಕಿವಿರು ತೆರೆದು ಮುಚ್ಚುತ್ತಿತ್ತು.

‘ಹಂಗಾದ್ರೆ ನೀನು ಬೆಳಗ್ಗೆ ಹೇಳಿದ್ದು ನಿಜ ಆಗೋಯ್ತಲ್ಲ ಕಣೇ’ ಎಂದರು. ಸಿಟ್ಟಿರಲಿಲ್ಲ, ಲೆಕ್ಕ ಮಾಡುವ ಧ್ವನಿ. ‘ಇಷ್ಟು ವರ್ಷ ಸಣ್ಣದು ಬಿಡುವಾಗ ಕೈ ತಡೀಲಿಲ್ಲ. ದೊಡ್ಡದು ಬಂತು ಅಂತ ಕಾನೂನು ತಿದ್ದಿದ್ರೆ, ಬಿಟ್ಟಿದ್ದೆಲ್ಲ ಸುಳ್ಳೇ.’ ತೆಪ್ಪದವನ ಕಡೆ ತಿರುಗಿ, ‘ಅರಿಶಿಣ ತಗಿ’ ಎಂದರು.

ಅವನು ಡಬ್ಬಿ ತೆಗೆದು ಮೀನಿನ ನೆತ್ತಿಗೆ ಹಚ್ಚಿದ. ಬೀಗರು ಚೀಲದ ಬಾಯಿಯನ್ನು ಹಾಗೇ ಹಿಡಿದುಕೊಂಡಿದ್ದರು. ಚಿಕ್ಕಪ್ಪ ಬಗ್ಗಿ ಎರಡೂ ಕೈಯಲ್ಲಿ ಮೀನನ್ನು ನೀರಿನೊಳಗೆ ಇಳಿಸಿದರು. ಅದು ಅಲ್ಲೇ ಒಂದು ಕ್ಷಣ ನಿಂತು ಬಾಲ ಬಡಿಯಿತು. ಅರಿಶಿಣದ ಹನಿ ಬೀಗರ ಇಸ್ತ್ರಿ ಶರಟಿನ ಮೇಲೆ ಬಿತ್ತು.

ಗಂಗಮ್ಮ ಮೆಚ್ಚಿ ಆಮೇಲೆ ತೆಪ್ಪ ತುಂಬುವಷ್ಟು ಮೀನು ಕೊಟ್ಟಳು ಎಂದು ಬರೆದರೆ ಓದುವವರಿಗೆ ಖುಷಿಯಾದೀತು. ಕೊಡಲಿಲ್ಲ. ಮಧ್ಯಾಹ್ನದವರೆಗೆ ಕೂತರೂ ಸಿಕ್ಕಿದ್ದು ಜಿಲೇಬಿ ಮೀನು, ಅದೂ ಒಂದು ಹಿಡಿ. ಮೊದಲೇ ದೊಡ್ಡದು ಸಿಕ್ಕಿದ್ದಕ್ಕೂ ನನ್ನ ಬಳಿ ವಿವರಣೆ ಇದೆ: ನೀರು ಇಳಿದಿತ್ತು, ಸೋಂಪು ಆ ಸಲ ಜಾಸ್ತಿ ಬಿದ್ದಿತ್ತು. ನನ್ನ ಅಪನಂಬಿಕೆಗೆ ಆ ಭಾನುವಾರ ಒಂದು ಗೀರೂ ಬಿದ್ದಿಲ್ಲ. ನನಗೆ ನಂಬಿಕೆ ಇಲ್ಲದ್ದು ಗಂಗಮ್ಮನ ವಿಷಯದಲ್ಲಿ. ಚಿಕ್ಕಪ್ಪ ಉತ್ತರ ಕೊಟ್ಟದ್ದು ತಮ್ಮ ವಿಷಯಕ್ಕೆ. ಅದಕ್ಕೆ ಖಂಡನೆ ಹುಡುಕುವ ಕೆಲಸ ನನಗಿಲ್ಲ.

ತುಮಕೂರಿನ ಮನೆಯ ಬಾಗಿಲು ತೆಗೆದ ಚಿಕ್ಕಮ್ಮ ಮೊದಲು ನೋಡಿದ್ದು ಚೀಲವನ್ನು. ಒದ್ದೆಯಾಗಿ, ಚಪ್ಪಟೆಯಾಗಿ, ಬೀಗರ ಕೈಯಲ್ಲಿ ನೇತಾಡುತ್ತಿತ್ತು. ಚಿಕ್ಕಮ್ಮನ ಮುಖ ಸಣ್ಣದಾಯಿತು, ಚಿಕ್ಕಪ್ಪನನ್ನು ಏನೋ ಕೇಳಲು ಬಾಯಿ ತೆರೆದರು. ಬೀಗರು ಬಿಡಲಿಲ್ಲ. ಚಪ್ಪಲಿ ಬಿಡುವ ಮೊದಲೇ ಚೀಲವನ್ನು ನನ್ನ ಕೈಗೆ ಕೊಟ್ಟು, ಎರಡೂ ತೋಳು ಚಾಚಿ ಅಳತೆ ತೋರಿಸಿದರು. ಮಾತಾಡುತ್ತಲೇ ಜೇಬಿನಿಂದ ಫೋನ್ ತೆಗೆದು ಗುಬ್ಬಿಗೆ ಹಚ್ಚಿದರು. ‘ನಿಮ್ಮಪ್ಪ ಇವತ್ತು ಒಂದು ಕಾಟ್ಲಾ ಹಿಡಿದ್ರಮ್ಮ. ನಾನೇ ಎತ್ತಿ ನೋಡಿದೀನಿ. ಹಿಡಿದು, ನನ್ನ ಕಣ್ಣೆದುರಿಗೇ ಬಿಟ್ರು. ನಾನಾಗಿದ್ರೆ ಬಿಡ್ತಿರ್ಲಿಲ್ಲ.’ ಆ ಕಡೆಯಿಂದ ತಂಗಿ ಏನೆಂದಳೋ ಕೇಳಿಸಲಿಲ್ಲ, ಬೀಗರು ಮಾತ್ರ ‘ಹೂಂ, ಹೂಂ, ನಿಜ ಕಣಮ್ಮ’ ಎನ್ನುತ್ತಿದ್ದರು.

ಈಗ ಆ ಮೀನು ಗುಬ್ಬಿಯಲ್ಲಿ ಬೆಳೆಯುತ್ತಿದೆ. ಕೊಬ್ಬರಿ ಅಂಗಡಿಗೆ ಬಂದವರಿಗೆಲ್ಲ ಬೀಗರು ಹೇಳುತ್ತಾರೆ, ಹೇಳಿದಾಗಲೆಲ್ಲ ತೂಕ ಏರುತ್ತದೆ. ಹೋದ ಸಲ ನಾನೂ ಚಿಕ್ಕಪ್ಪನೂ ಅವರ ಮನೆಗೆ ಊಟಕ್ಕೆ ಹೋದಾಗ ಅದು ಹದಿನೈದು ಕೆಜಿ ದಾಟಿತ್ತು. ಹತ್ತು ಎಂದು ನೀವೇ ಹೇಳಿದ್ದು, ನಾನು ಅಲ್ಲೇ ಇದ್ದೆ ಎಂದು ತಿದ್ದಿದೆ. ‘ನೀನು ಎತ್ತಿದ್ಯೇನಮ್ಮ?’ ಎಂದು ಕೇಳಿದರು. ಎತ್ತಿರಲಿಲ್ಲ. ಪಕ್ಕದಲ್ಲಿ ಚಿಕ್ಕಪ್ಪ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ತಂಗಿ ಅಪ್ಪನ ತಟ್ಟೆಗೆ ಮೀನು ಸಾರು ಬಿಟ್ಟು, ಮಾವನ ತಟ್ಟೆಗೆ ಸ್ವಲ್ಪ ಕಡಿಮೆಯೇ ಬಿಟ್ಟಳು.