ಅಕ್ಕನಿಗೆ ನೀರು ಕಮ್ಮಿ ಕುಡಿ ಎಂದೆ

ಕಕ್ಕಸಿಗೂ ಬೀಗ ಹಾಕುತ್ತಾರೆ ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ನಂಜನಗೂಡಿಗೆ ಬಂದ ಮೇಲೆ. ಒಂದೇ ಅಂಗಳಕ್ಕೆ ಬಾಗಿಲಿಟ್ಟ ಐದು ಬಾಡಿಗೆ ಮನೆ. ಇದನ್ನು ಇಲ್ಲಿ ವಠಾರ ಎನ್ನುತ್ತಾರೆ. ಐದಕ್ಕೂ ಒಂದೇ ಕಕ್ಕಸು, ಅದರ ಬೀಗದ ಕೈ ಮನೆ ಓನರಮ್ಮನ ನಡುಮನೆಯ ಮೊಳೆಯಲ್ಲಿ. ಪ್ರತಿ ಸಲವೂ ಹೋಗಿ ಕೇಳಬೇಕು. ನಮ್ಮೂರು ತಿ. ನರಸೀಪುರದಿಂದಾಚೆ. ಅಲ್ಲಿ ಹೆಂಗಸರು ಚೊಂಬು ಹಿಡಿದು ಕಬ್ಬಿನ ಗದ್ದೆಯ ಮರೆಗೆ ಹೋಗುತ್ತಿದ್ದೆವು, ಯಾರನ್ನೂ ಕೇಳುತ್ತಿರಲಿಲ್ಲ. ಐದನೇ ಕ್ಲಾಸು ಓದಿದವಳು ನಾನು. ಬೀಗದ ಕೈ ಕೇಳುವ ನಾಚಿಕೆ ಹೋಗಲು ಒಂದು ವರ್ಷ ಹಿಡಿಯಿತು. ನೆಂಟರು ಬಂದರೆ ಓನರಮ್ಮ ಮನೆ ಬಿಡಿ ಎನ್ನುತ್ತಾರೇನೋ ಎಂಬ ಅಂಜಿಕೆ ಮಾತ್ರ ಹೋಗಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಅಕ್ಕ ಮಹದೇವಮ್ಮನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದರು. ಮೈಸೂರಿನಲ್ಲಿ ಐದು ವಾರ ಕರೆಂಟ್ ಕೊಡಬೇಕು. ಮಿಷನ್ ಕೆಳಗೆ ಮಲಗಿಸಿ ಕಿರಣ ಬಿಡುವುದಕ್ಕೆ ನಮ್ಮ ಕಡೆ ಹೇಳುವುದೇ ಹಾಗೆ. ಊರಿಂದ ಎರಡು ಬಸ್ಸು ಬದಲಿಸಬೇಕಿತ್ತು, ನನ್ನ ಮನೆಯಿಂದ ಒಂದೇ. ನಾನೇ ಕರೆತಂದೆ.

ಎರಡನೇ ವಾರ ದಾಟುತ್ತಲೇ ಅಕ್ಕನಿಗೆ ಭೇದಿ, ಉರಿಮೂತ್ರ. ಗಳಿಗೆಗೊಮ್ಮೆ ಬೀಗದ ಕೈ. ನೀರು ಹೆಚ್ಚು ಕುಡಿಸಿ, ತಡೆದಿಟ್ಟುಕೊಳ್ಳಬಾರದು ಎಂದು ಆಸ್ಪತ್ರೆಯ ನರ್ಸಮ್ಮ ನನಗೇ ಹೇಳಿ ಕಳಿಸಿದ್ದರು. ಒಂದು ಬೆಳಿಗ್ಗೆ ಓನರಮ್ಮ, "ಏನವ್ವ, ನಿಮ್ಮಕ್ಕ ಬೀಗದ ಕೈನ ಕೊರಳಿಗೇ ಕಟ್ಕತಾರ?" ಎಂದು ನಕ್ಕರು. ಇನ್ನು ಮನೆ ಬಿಡಿ ಎನ್ನುವುದೊಂದೇ ಬಾಕಿ ಎನಿಸಿತು. ಒಳಗೆ ಬಂದು ಅಕ್ಕನಿಗೆ ಹೇಳಿದೆ: "ನೀರ ಒಸಿ ಕಮ್ಮಿ ಕುಡಿಯಕ್ಕ. ಇದು ನಮ್ಮೂರಲ್ಲ."

ಅಕ್ಕ ತಲೆಯಾಡಿಸಿದಳು. ಅಂದಿನಿಂದ ಲೋಟ ಮುಟ್ಟಿದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ನಾನು ಕಂಡೂ ಕಾಣದಂತೆ ಅಕ್ಕಿ ಆರಿಸುತ್ತಿದ್ದೆ.

ನಾಲ್ಕನೇ ವಾರ ಆಸ್ಪತ್ರೆಯ ಸಾಲಿನಲ್ಲೇ ಕುಸಿದಳು. ಮೈಯಲ್ಲಿ ನೀರಿಲ್ಲ, ಇವತ್ತು ಕರೆಂಟ್ ಬೇಡ ಎಂದು ಗ್ಲೂಕೋಸ್ ಹಾಕಿದರು. ಹೀಗೆ ನಡುವೆ ನಿಂತರೆ ಇಷ್ಟು ದಿನದ್ದೂ ದಂಡ ಎಂದು ನರ್ಸಮ್ಮ ಗದರಿ, ಮನೆಯಲ್ಲಿ ನೀರು ಕೊಡುವವರಿಲ್ಲವಾ ಎಂದು ಕೇಳಿದರು. ನಾನು ಅಕ್ಕನ ಸೆರಗು ಸರಿಮಾಡುತ್ತ ನಿಂತೆ. ಅಕ್ಕನೇ, "ನನ್ ತಂಗಿ ಕೊಡ್ತಾಳೆ ಕಣವ್ವ. ನಂಗೇ ಸೇರಕಿಲ್ಲ" ಎಂದಳು.

ಆ ಸಂಜೆ ಓನರಮ್ಮನಿಗೆ ಕಾಯಿಲೆಯ ಹೆಸರು ಹೇಳಿದೆ. ಅವರು ಮೊಳೆಯಿಂದ ಬೀಗದ ಕೈ ತೆಗೆದು ನನ್ನ ಕೈಗೆ ಹಾಕಿದರು. "ಮೊದ್ಲೇ ಹೇಳೋದಲ್ವಾ? ನಾನೂ ಹೆಂಗಸಲ್ವೇನವ್ವ?"

ಮನೆಗೆ ಬಂದರೆ ಅಕ್ಕ ಬಟ್ಟೆ ಗಂಟು ಕಟ್ಟಿ ಕೂತಿದ್ದಳು. ಬೀಗದ ಕೈ ತೋರಿಸಿದರೂ ನಿಲ್ಲಲಿಲ್ಲ, ಉಳಿದ ಕರೆಂಟಿಗೆ ಊರಿಂದಲೇ ಓಡಾಡಿದಳು. ಬಸ್ಸಿನಲ್ಲಿ ಏನಾಯಿತೋ, ಎಲ್ಲಿ ಇಳಿದಳೋ ಎಂದು ನಾನಿಲ್ಲಿ ದಿನವೂ ಎದೆ ಹಿಡಿದು ಕೂತೆ. ಹೇಗೋ ಮುಗಿಸಿದಳು, ಉಳಿದಳು.

ಈಗ ಊರಿಗೆ ಹೋದರೆ ಹೆಂಗಸರು ನನ್ನ ಕೈ ಹಿಡಿಯುತ್ತಾರೆ. ನಂಜನಗೂಡಿನ ತಂಗಿ ಮಗುವಿನ ಹಾಗೆ ನೋಡಿಕೊಂಡಳು ಎಂದು ಅಕ್ಕನೇ ಊರೆಲ್ಲ ಹೇಳಿದ್ದಾಳೆ. ಅಲ್ಲ ಎಂದು ನಾನು ಇದುವರೆಗೆ ಹೇಳಿಲ್ಲ. ಈಗ ಬರೆದು ಹೇಳುತ್ತಿದ್ದೇನೆ. ಆ ಹೊಗಳಿಕೆ ಕೇಳಿಕೊಂಡು ಅಲ್ಲಿ ಎರಡು ದಿನ ನಿಲ್ಲಲಾಗುವುದಿಲ್ಲ, ಬಸ್ಸು ಹತ್ತುತ್ತೇನೆ. ಇಲ್ಲಿಗೆ ಬಂದರೆ, ಅಕ್ಕ ಮತ್ತೆ ಒಂದು ದಿನವೂ ಉಳಿಯಲು ಬಾರದ ಈ ಮನೆಯನ್ನು ನನ್ನದೆನ್ನಲು ಬಾಯಿ ಬರುವುದಿಲ್ಲ.